ನಾಲ್ಕರ ಕಟ್ಟು

ಪನೆವೆಜೀಸ್ ಊರಿನ ಹಳೆಯ ಗಿರಣಿಯ ಹಿಂದೆ
ಎರಡು ಕೋಣೆ, ಒಂದು ಕಂಪ್ಯೂಟರು, ಬಟ್ಟೆ ಕತ್ತರಿಸುವ ಮೇಜು:
ಡೊವಿಲೆಯ ಅಂಗಡಿ ಇಷ್ಟೇ.
ಬೋರ್ಡಿಲ್ಲ. ಗಿರಾಕಿ ಯಾರೂ ಬಾಗಿಲಿಂದ ಬರುವವರಲ್ಲ.

ಅಗಸೆನಾರಿನ ಬಟ್ಟೆ. ಹಾಸಿಗೆಗೆ, ಕಿಟಕಿಗೆ,
ಉಣ್ಣುವಾಗ ತೊಡೆಯ ಮೇಲೆ ಹಾಸಿಕೊಳ್ಳಲಿಕ್ಕೆ.
ಲಾಟ್ವಿಯಾಕ್ಕೆ ಹೋಯಿತು, ಪೋಲೆಂಡಿಗೆ ಹೋಯಿತು,
ಜರ್ಮನಿಗೆ ಹೋದದ್ದು ಅರ್ಧಕ್ಕರ್ಧ ತಿರುಗಿ ಬಂತು.
ಮೂರು ಬಣ್ಣ ತರಿಸುತ್ತಾರೆ, ಗೋಡೆಗೆ ಹಿಡಿದು ನೋಡುತ್ತಾರೆ,
ಒಂದನ್ನಿಟ್ಟುಕೊಂಡು ಎರಡನ್ನು ಕಳಿಸುತ್ತಾರೆ.
ಮಡಿಕೆ ಮಾತ್ರ ನಮಗಿಂತ ಚೆನ್ನಾಗಿ ಹಾಕುತ್ತಾರೆ ನೋಡು
ಎನ್ನುತ್ತಾನೆ ಅಣ್ಣ ಕೆಸ್ತೂತಿಸ್, ಮತ್ತೆ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು.

ಆಮೇಲೆ ಜಪಾನು.

ಅಲ್ಲಿ ವಿಳಾಸವೇ ತಿರುಗುಮುರುಗು:
ಮೊದಲು ಪ್ರಾಂತ್ಯ, ಆಮೇಲೆ ಊರು, ಕೇರಿ, ಮನೆ,
ಎಲ್ಲ ಮುಗಿದ ಮೇಲೆ ಮನುಷ್ಯ.
ಡೊವಿಲೆಯ ಫಾರಂ ಮನುಷ್ಯನನ್ನೇ ಮೊದಲು ಕೇಳಿ
ಬೆಪ್ಪಾಗಿ ನಿಂತುಬಿಡುತ್ತಿತ್ತು.
ಕೆಲವರು ಕಾರ್ಡು ಮುಟ್ಟುವುದಿಲ್ಲ; ಬೀದಿ ತುದಿಯ ಅಂಗಡಿಗೆ ಹೋಗಿ
ಚೀಟಿ ತೋರಿಸಿ, ದುಡ್ಡು ಎಣಿಸಿ ಕಟ್ಟುತ್ತಾರಂತೆ.
ಅದಕ್ಕೊಬ್ಬ ಮಧ್ಯವರ್ತಿ. ಅವನಿಗೆ ನೂರಕ್ಕೆ ನಾಲ್ಕು.
'ಬಿಳಿಚದ ನಾರು' ಎಂದು ಬರೆದದ್ದು
ಅನುವಾದದಲ್ಲಿ 'ತೊಳೆಯದ ನಾರು' ಆಗಿ
ಮೂರು ವಾರ ಒಬ್ಬರೂ ಹತ್ತಿರ ಸುಳಿಯಲಿಲ್ಲ.
ಓಸಾಕಾದ ಸುಂಕದಕಟ್ಟೆಯಲ್ಲಿ ಹನ್ನೆರಡು ಪೆಟ್ಟಿಗೆ ತಡೆದಾಗ
ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಲಿಕ್ಕೂ
ಬೇಕಾಗಿತ್ತು ಒಂಬತ್ತು ಅಂಕಿಯ ಒಂದು ನಂಬರು.

ಎಲ್ಲ ದಾಟಿತು. ಹಾಸು ಹೋಯಿತು, ಪರದೆ ಹೋಯಿತು.
ತೊಡೆವಸ್ತ್ರದ ನಾಲ್ಕರ ಕಟ್ಟು ಮಾತ್ರ
ಜಪ್ಪಯ್ಯ ಎಂದರೂ ಕದಲಲಿಲ್ಲ.
ಬೆಲೆ ಇಳಿಸಿದಳು. ಫೋಟೋ ಬದಲಿಸಿದಳು.
ಕೊನೆಗೆ ಕಾನಾಜಾವಾದಿಂದ ಕುವಾಬಾರಾ ಎಂಬ ಹೆಂಗಸು ಬರೆದಳು,
ಮೂರು ಸಲ ಕ್ಷಮೆ ಕೇಳಿ, ಆಮೇಲೆ ವಿಷಯಕ್ಕೆ ಬಂದು:
ಮದುವೆಗೆ ಉಡುಗೊರೆ ಕೊಡೋಣವೆಂದಿದ್ದೆ.
ನಮ್ಮಲ್ಲಿ ನಾಲ್ಕು ಅನ್ನುವ ಸದ್ದು
ಸಾವು ಅನ್ನುವ ಸದ್ದೂ ಹೌದು.
ಐದು ಸಿಗಬಹುದೇ?

ಕೆಸ್ತೂತಿಸ್ ನಕ್ಕ: ರೋಬೋಟು ಮಾಡುವ ನಾಡಿನಲ್ಲಿ ಇದೆಂಥದು!
ಮೊನ್ನೆ ಅತ್ತೆಯ ಹುಟ್ಟುಹಬ್ಬಕ್ಕೆ ಟ್ಯೂಲಿಪ್ ಒಯ್ದೆಯಲ್ಲ, ಎಷ್ಟಿದ್ದವು?
ಏಳು.
ಎಂಟೇಕಲ್ಲ?
ಅವನು ಇಸ್ತ್ರಿ ಎತ್ತಿಕೊಂಡ.
ಜೋಡಿ ಲೆಕ್ಕದ ಹೂವು ಆ ಊರಲ್ಲಿ ಗೋರಿಗೆ ಮಾತ್ರ.

ನಗಲು ನನಗೂ ಬಾಯಿಲ್ಲ. ಇದನ್ನು ಬರೆಯುವ ಭಾಷೆಯಲ್ಲಿ
'ನಾಲ್ಕು ಜನ' ಎಂದರೆ ಬದುಕಿಡೀ ಅಂಜಬೇಕಾದ ಲೋಕ;
ಕೊನೆಗೆ ಹೊರಲಿಕ್ಕೆ ಬೇಕಾದವರೂ ಅಷ್ಟೇ.

ಇನ್ನೂರು ಕಟ್ಟು ಬಿಚ್ಚಿದರು, ಎರಡು ರಾತ್ರಿ.
ನಾಲ್ಕರ ಐದು ಒಡೆದರೆ ಐದರ ನಾಲ್ಕು.
ನಾಲ್ಕು ಎಲ್ಲಿಗೂ ಹೋಗಿರಲಿಲ್ಲ,
ಸ್ಥಳ ಬದಲಿಸಿ ಕೂತಿತ್ತು.
ನಲವತ್ತು ಪೆಟ್ಟಿಗೆ ಬರಿದೇ ಉಳಿದವು.

ಡಿಸೆಂಬರ್ ಇಪ್ಪತ್ತನಾಲ್ಕರ ಸಂಜೆ
ಹೊಲಿಗೆ ಓರೆಯಾಗಿ ಮಾರಲಾಗದ ಒಂದು ಕಟ್ಟನ್ನು
ಡೊವಿಲೆ ಮನೆಗೆ ತಂದಳು.
ಅಮ್ಮ, ಅಣ್ಣ, ಮಗಳು ಉಗ್ನೆ, ತಾನು.
ವಸಂತದಲ್ಲಿ ಹೋದ ಅಪ್ಪನಿಗೊಂದು ತಟ್ಟೆ,
ಆ ರಾತ್ರಿ ಅಲ್ಲಿ ಎಲ್ಲರೂ ಇಡುವಂತೆ, ಪಕ್ಕದಲ್ಲೊಂದು ಮೇಣದಬತ್ತಿ.
ಹೆರಿಂಗ್ ಮೀನು ಬಡಿಸುತ್ತಾ ಅಮ್ಮ ಕೇಳಿದಳು:
ಈ ಸಲ ಐದು ಹೇಗೆ ಸರಿಯಾಗಿ ತಂದೆ?

ಉತ್ತರಕ್ಕೆ ಮೊದಲೇ ಫೋನು ಮಿನುಗಿತು.
ಬ್ರೆಜಿಲಿನಿಂದ ಯಾರೋ ಕೇಳುತ್ತಿದ್ದಾರೆ,
ಆರರ ಕಟ್ಟು ಇದೆಯೇ ಎಂದು.
ಕೆಸ್ತೂತಿಸ್ ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕತೊಡಗಿದ.
ಅವಳು ಫೋನನ್ನು ಬೋರಲು ಹಾಕಿ
ಅಪ್ಪನ ವಸ್ತ್ರದ ಓರೆ ಅಂಚನ್ನು
ಉಗುರಿನಿಂದ ಒಮ್ಮೆ ತೀಡಿದಳು.